ಕುದುರೆ ಆಸ್ಪತ್ರೆಗೆ ಒಂದೇ ಸೀಟು

ಪಶುವೈದ್ಯಕೀಯ ಕಾಲೇಜಿನ ಚಿಕಿತ್ಸಾ ಕೊಠಡಿಯ ಬಾಗಿಲನ್ನು ಪಟಾಕಿ ಧಡಾರನೆ ತಳ್ಳಿದಳು. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಅವಳನ್ನು ಇಡೀ ತರಗತಿ ಹಾಗೇ ಕರೆಯುತ್ತಿತ್ತು.

ಒಳಗೆ ಮೇಜಿನ ಮೇಲೊಂದು ದಪ್ಪ ಬೆಕ್ಕು. ಅದರ ಕಾಲಿಗೆ ಬ್ಯಾಂಡೇಜ್ ಸುತ್ತುತ್ತಿದ್ದವನು ಅವಳ ಸಹಪಾಠಿ ಮುನಿ. ಪ್ರಾಣಿಗಳ ಹತ್ತಿರ ಬಿಟ್ಟರೆ ಯಾರ ಹತ್ತಿರವೂ ನಾಲ್ಕು ಮಾತಾಡದವನಿಗೆ ಆ ಹೆಸರು ಅಂಟಿಕೊಂಡಿತ್ತು.

"ದೊಡ್ಡ ದಾನಶೂರನಾ ನೀನು?"

"ಮೆಲ್ಲಗೆ... ಹೆದರಿಕೆ ಆಗುತ್ತೆ."

"ಬೆಕ್ಕಿಗೇನೂ ಆಗಲ್ಲ."

"ನನಗೆ ಅಂದೆ."

ಅವಳಿಗೆ ನಗು ಬಂತು. ತುಟಿ ಕಚ್ಚಿ ನುಂಗಿಕೊಂಡಳು.

ಕುದುರೆಗಳ ಶಸ್ತ್ರಚಿಕಿತ್ಸೆ ಕಲಿಯಲು ವಿದೇಶದ ವಿಶ್ವವಿದ್ಯಾಲಯವೊಂದು ಕಾಲೇಜಿನ ಒಬ್ಬರನ್ನು ಸ್ಕಾಲರ್‌ಶಿಪ್ ಕೊಟ್ಟು ಒಂದು ವರ್ಷಕ್ಕೆ ಕರೆದಿತ್ತು. ಕೊನೆಯ ಸುತ್ತಿಗೆ ಉಳಿದವರು ಇವರಿಬ್ಬರೇ. ವಿಡಿಯೋ ಸಂದರ್ಶನಕ್ಕೆ ಹೋದ ಮುನಿ ಹೋದಷ್ಟೇ ಬೇಗ ಹೊರಗೆ ಬಂದಿದ್ದ. ಸೀಟು ಅವಳ ಪಾಲಾಯಿತು. ಅವಳಿಗೋಸ್ಕರ ಅವನೇ ಬಿಟ್ಟುಕೊಟ್ಟನಂತೆ ಎಂಬ ಗುಸುಗುಸು ಕ್ಯಾಂಟೀನಿನಿಂದ ಹಾಸ್ಟೆಲಿನವರೆಗೆ ಹಬ್ಬಿತ್ತು.

"ಯಾರೋ ಬಿಟ್ಟುಕೊಟ್ಟಿದ್ದು ನನಗೆ ಬೇಡ," ಎಂದಳು. "ಹೋಗಲ್ಲ ಅಂತ ಈಗಲೇ ಪ್ರಿನ್ಸಿಪಾಲರಿಗೆ ಹೇಳಿಬಿಡ್ತೀನಿ."

ಮುನಿ ಮೊದಲ ಬಾರಿಗೆ ತಲೆಯೆತ್ತಿದ. ಅವನ ಮುಖ ಬಿಳಿಚಿಕೊಂಡಿತ್ತು.

"ಹಾಗೆ ಮಾಡಬೇಡ ಮಾರಾಯ್ತಿ! ನಾನೇನೂ ಬಿಟ್ಟುಕೊಡಲಿಲ್ಲ. ಫೇಲಾದೆ."

"ಸುಳ್ಳು. ಕ್ಲಾಸಿಗೇ ಫಸ್ಟು ನೀನು."

"ನಮ್ಮ ದೇಶಕ್ಕೇ ಯಾಕೆ ಬರಬೇಕು ಅಂತ ಕೇಳಿದ್ರು. ಉತ್ತರ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಆದ್ರೆ ಬಾಯಿಗೆ ಬಂದಿದ್ದೇ ಬೇರೆ."

"ಏನು ಬಂತು?"

ಅವನು ಬೆಕ್ಕಿಗೆ ಹೇಳುವವನಂತೆ ತಲೆ ತಗ್ಗಿಸಿದ. "ಪಟಾಕಿ ಬರಬೇಕು ಅಂತಿದ್ದಾಳಲ್ಲ, ಅದಕ್ಕೇ ಅಂದೆ."

ಫ್ಯಾನಿನ ಸದ್ದು ಒಮ್ಮೆಲೇ ಜೋರಾದಂತಾಯಿತು.

"ಆಮೇಲೆ?" ಪಟಾಕಿಯ ದನಿಯಲ್ಲಿ ಸಿಡಿತವಿರಲಿಲ್ಲ.

"ಸ್ಕ್ರೀನಿನಲ್ಲಿದ್ದವರೆಲ್ಲ ನಕ್ಕರು. ಪಕ್ಕದಲ್ಲಿ ಕೂತಿದ್ದ ನಮ್ಮ ಕಾಲೇಜಿನ ಮೇಡಂ ಮಾತ್ರ, ಇದು ಹೆಣ್ಣು ನೋಡೋ ಶಾಸ್ತ್ರ ಅಲ್ಲಪ್ಪಾ ಅಂತ ಎಬ್ಬಿಸಿ ಕಳಿಸಿದ್ರು."

ಅವಳು ತಡೆಯಲಾರದೆ ನಕ್ಕಳು. ನಗುತ್ತಲೇ ಕಣ್ಣು ತುಂಬಿತು. ಬೆಕ್ಕನ್ನು ಹಿಡಿಯುವ ನೆಪದಲ್ಲಿ ಮೇಜಿನ ಈಚೆಗೆ ಬಂದಳು. ಇಬ್ಬರ ಬೆರಳೂ ಬ್ಯಾಂಡೇಜಿನ ಮೇಲೆ ತಾಕಿದವು. ಯಾರೂ ಹಿಂದೆಗೆಯಲಿಲ್ಲ.

"ಎರಡು ಸೀಟಿದ್ದು ನೀನೂ ಬರೋ ಹಾಗಿದ್ದಿದ್ರೆ ಚೆನ್ನಾಗಿರ್ತಿತ್ತು ಕಣೋ," ಎಂದಳು.

"ನನಗೂ ಆ ಕುದುರೆ ಆಸ್ಪತ್ರೆ ನೋಡೋ ಆಸೆ ಇತ್ತು. ಇರಲಿ. ನೀನು ಮಾತ್ರ ಹೋಗು. ಇಲ್ಲಾಂದ್ರೆ ನನ್ನ ಮಾನ ಹೋಗಿದ್ದೂ ದಂಡ."

"ಒಂದು ವರ್ಷ ಕಾಯ್ತೀಯಾ?"

"ಮೂರು ವರ್ಷದಿಂದ ಕಾಯ್ತಾ ಇದ್ದೀನಿ. ಅಭ್ಯಾಸ ಇದೆ."

ಅವಳು ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಮುನಿ ಟ್ರಾಲಿ ತಳ್ಳುತ್ತ ಎಲ್ಲರಿಗಿಂತ ಹಿಂದೆ ಬಂದ. ಅವಳಮ್ಮ ಸೆರಗಿನಲ್ಲಿ ಕಣ್ಣೊರೆಸುತ್ತ ಮಗಳಿಗೆ ಸ್ವೆಟರಿನ ಗುಂಡಿ ಹಾಕುತ್ತಿದ್ದರು. ಅವಳು ಅಮ್ಮನನ್ನು ತಬ್ಬಿಕೊಂಡಳು. ಆಮೇಲೆ, ಎಲ್ಲರೆದುರಿಗೇ, ಮುನಿಯ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಊಟ ಸರಿಯಾಗಿ ಮಾಡು," ಎಂದಳು. "ಮತ್ತೆ... ದಿನಾ ಫೋನು. ಬರೀ ಹ್ಞೂಂ ಹ್ಞೂಂ ಅಂದ್ರೆ ಕಟ್ ಮಾಡ್ತೀನಿ."

"ಹ್ಞೂಂ," ಎಂದ.

ಅವನ ತೋಳಿಗೊಂದು ಗುದ್ದಿ, ತಿರುಗಿ ನೋಡುತ್ತ, ಮತ್ತೆ ತಿರುಗಿ ನೋಡುತ್ತ ಒಳಗೆ ಹೋದಳು.

ಗಾಜಿನ ಆಚೆ ಅವಳ ಜಡೆ ಮರೆಯಾದ ಮೇಲೂ ಅವನು ಅಲ್ಲೇ ನಿಂತಿದ್ದ. ಅವಳಮ್ಮ ಬಂದು ಪಕ್ಕ ನಿಂತರು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಭಾನುವಾರ ಊಟಕ್ಕೆ ಬಾಪ್ಪಾ," ಎಂದರು. "ಇನ್ನು ಮನೆ ಬಿಕೋ ಅನ್ನುತ್ತೆ. ಬೈಯೋಕೆ ಯಾರಾದ್ರೂ ಬೇಕಲ್ಲ ನನಗೆ."

"ಬರ್ತೀನಿ, ಅತ್ತೆ," ಎಂದುಬಿಟ್ಟ ಮುನಿ. ಹೇಳಿದ ಮೇಲೆ ಕಿವಿಯವರೆಗೂ ಕೆಂಪಾದ.

ಅವಳಮ್ಮ ನಕ್ಕು, ತಮ್ಮ ಕೈಚೀಲವನ್ನು ಅವನ ಕೈಗೆ ಕೊಟ್ಟರು.