ಸರ್ವೇಯರ್ ಸಾಹೇಬರ ಹಿತ್ತಲು

ಪೇಟೆಯ ಮಂದಿಗೆ ಹಿತ್ತಲು ಅಂದರೆ ಮುರಿದ ಕುರ್ಚಿ ಒಗೆಯುವ ಜಾಗ. ಅಂಥವರಿಗೆ ಒಂದು ದಿನ ಮೊಬೈಲಿನಲ್ಲಿ ಯಾರೋ ನಗುನಗುತ್ತಾ ಟೊಮ್ಯಾಟೊ ಕೀಳುವುದು ಕಾಣುತ್ತದೆ. ಮರುದಿನವೇ ಸಿದ್ಧೇಶ್ವರ ಗುಡಿಯ ಹತ್ತಿರ ಸೈಫುದ್ದೀನ ಕಾಕಾನ ಬೀಜ-ಗೊಬ್ಬರದ ಅಂಗಡಿಗೆ ಬಂದು ನಿಲ್ಲುತ್ತಾರೆ. ಅಂಥವರನ್ನು ಶಾಂಭವಿ ದೂರದಿಂದಲೇ ಗುರುತಿಸುತ್ತಿದ್ದಳು. ಅವರ ಕೈಯಲ್ಲಿ ಚೀಲ ಇರುವುದಿಲ್ಲ, ಕಾಲಲ್ಲಿ ಪಾಲಿಶ್ ಮಾಡಿದ ಬೂಟು ಇರುತ್ತದೆ.

ಶಾಂಭವಿ ತಿಕೋಟಾದ ಅಮರಪ್ಪನ ಮಗಳು. ಎಂಟು ಎಕರೆ ದ್ರಾಕ್ಷಿ ಪಡದಲ್ಲಿ ನಡೆಯಲು ಕಲಿತವಳು, ಸಾಲದ್ದಕ್ಕೆ ಕೃಷಿ ಬಿ.ಎಸ್ಸಿ. ದಿನಾ ಬಸ್ಸಿಗೆ ಬಂದು ಕಾಕಾನ ಅಂಗಡಿ ನೋಡಿಕೊಳ್ಳುತ್ತಿದ್ದಳು. ಏನೂ ಗೊತ್ತಿಲ್ಲದವರನ್ನು ಕಂಡರೆ ಅವಳ ಮೂಗಿನ ತುದಿ ತಾನಾಗಿಯೇ ಮೇಲೇರುತ್ತಿತ್ತು. ಮೂಗು ಚೆಂದವಿತ್ತು, ಅದಕ್ಕೇ ಗಿರಾಕಿಗಳು ಸಹಿಸಿಕೊಂಡಿದ್ದರು.

ಜೂನ್ ತಿಂಗಳ ಒಂದು ಶನಿವಾರ ಅಂಥದ್ದೇ ಒಂದು ಜೋಡಿ ಬೂಟು ಅಂಗಡಿ ಮೆಟ್ಟಿಲೇರಿತು. ಮೇಲೆ ಇಸ್ತ್ರಿ ಅಂಗಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್.

"ಟಮಾಟಿ, ಬೆಂಡಿ, ಹೀರಿ, ಪಾಲಕ, ಸ್ಟ್ರಾಬೆರಿ..." ಮೊಬೈಲ್ ನೋಡಿ ಓದತೊಡಗಿದ.

"ಜಾಗಾ ಎಷ್ಟ ಐತ್ರಿ?"

"ಹನ್ನೆರಡೂವರಿ ಫೂಟ ಉದ್ದ. ಒಂಬತ್ತ ಫೂಟ ಮೂರ ಇಂಚ ಅಗಲ."

ಶಾಂಭವಿ ತಲೆಯೆತ್ತಿದಳು. ಹಿತ್ತಲನ್ನು ಇಂಚಿನಲ್ಲಿ ಹೇಳಿದವನನ್ನು ಅವಳು ಅದೇ ಮೊದಲು ನೋಡಿದ್ದು.

"ಏನ್ ಕೆಲಸಾ ಮಾಡ್ತೀರಿ?"

"ಸರ್ವೇಯರ್ ಅದೀನ್ರಿ. ಸತೀಶಕುಮಾರ ಅಂತ. ಊರ ಬಬಲೇಶ್ವರ. ಇಲ್ಲೇ ಗುಡಿ ಹಿಂದ ಬಾಡಿಗಿ ಹಿಡದೀನಿ."

"ಮಂದಿ ಹೊಲಾ ಅಳ್ಯಾವ್ರು! ಎಂದರ ಒಂದ ಹುಲ್ಲಕಡ್ಡಿ ಬೆಳದೀರೇನು?"

"ಇಲ್ರಿ. ನಮ್ಮಪ್ಪಂದು ಬಟ್ಟಿ-ಅರಬಿ ಅಂಗಡಿ."

"ಹಂಗಾರ ಬರೇ ಮೆಂತೆ ಒಯ್ರಿ ಸಾಹೇಬ್ರ. ಮೆಂತೆ ಬೆಳ್ಯಾಕ ಬುದ್ಧಿ ಬೇಕಾಗಿಲ್ಲ."

ಅವನು ನಕ್ಕ. ನಗು ಮೊದಲು ಕಣ್ಣಿಗೆ ಬಂತು, ಆಮೇಲೆ ತುಟಿಗೆ. ಬೈಸಿಕೊಂಡವರು ಹೀಗೆ ನಗಬಾರದು ಅಂತ ಶಾಂಭವಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಕಳೆ ಕೀಳುವ ತನ್ನ ಹಳೆಯ ಖುರ್ಪಿಯನ್ನೂ ಅವನಿಗೆ ಬಳಸಲು ಕೊಟ್ಟುಬಿಟ್ಟಳು.

ಮೂರು ವಾರಕ್ಕೆ ಮೆಂತೆ ಸತ್ತಿತು. ಹೆಣವನ್ನು ಕ್ಯಾರಿಬ್ಯಾಗಿನಲ್ಲಿ ಹಾಕಿಕೊಂಡು ಬಂದ. ಆಮೇಲೆ ಬೆಂಡಿ, ಆಮೇಲೆ ಅವರೆ. ಪ್ರತಿ ಶನಿವಾರ ಒಂದು ಹೆಣ.

"ಇಷ್ಟ ಒತ್ತೊತ್ತಿ ಹಚ್ಚೀರಿ? ಒಂದ ಗೇಣ ಜಾಗಾ ಬಿಡ್ರಿ. ತಿಕೋಟಾ ಬಸ್ಸಿನ್ಯಾಗ ನಿಂತಂಗ ನಿಂದ್ರಸಬ್ಯಾಡ್ರಿ."

ಅವನು ಕಿವಿಯಿಂದ ಪೆನ್ಸಿಲ್ ತೆಗೆದು ಪಾಕೆಟ್ ಬುಕ್ಕಿನಲ್ಲಿ ಬರೆದುಕೊಂಡ. ಬರೆದಾದ ಮೇಲೆ ಅವಳ ಮುಖ ನೋಡಿದ, ಇನ್ನೂ ಉಳಿದಿದೆಯೇನೋ ಎನ್ನುವಂತೆ. ಉಳಿದೇ ಇತ್ತು.

"ಹಸಿ ಸಗಣಿ ಹಾಕೀರಿ. ಕೊಳತ ಗೊಬ್ಬರ ಬೇಕ್ರಿ, ವಾಸನಿ ಬರಬಾರದು. ನೀರ ಮುಂಜಾನೆ ಹಾಕ್ರಿ. ಗಿಡಕ್ಕೇನ ಮಧ್ಯಾಹ್ನ ಚಾ ಕುಡಸಾಕತ್ತೀರೇನು?"

ಅವರೆಯ ಎಲೆಯ ಅಂಚು ಸುಟ್ಟಂತೆ ಕಂದಿತ್ತು. "ಯೂರಿಯಾ ಸುರದೀರಿ," ಅಂದಳು.

"ಒಂದ ಕಾಳೂ ಹಾಕಿಲ್ರಿ."

"ನೀವು ಸುಳ್ಳ ಹೇಳಬಹುದು. ಎಲಿ ಸುಳ್ಳ ಹೇಳಂಗಿಲ್ಲ."

ಅದನ್ನೂ ಬರೆದುಕೊಂಡ. ಬಗ್ಗಿ ಬರೆಯುವಾಗ ಅವನ ರೆಪ್ಪೆ ಉದ್ದವಿದ್ದದ್ದು ಶಾಂಭವಿಗೆ ಕಂಡಿತು. ಕಂಡದ್ದಕ್ಕೆ ಇನ್ನೆರಡು ಹೆಚ್ಚಿಗೆ ಬೈದಳು. ಶನಿವಾರಗಳಲ್ಲಿ ತಾನು ನೀಲಿ ಓಢಣಿಯನ್ನೇ ಹೊದ್ದು ಬರುತ್ತಿದ್ದೇನೆ ಎಂಬುದನ್ನು ಅವಳು ಒಪ್ಪುತ್ತಿರಲಿಲ್ಲ.

ಕಾಕಾ ಎಲ್ಲ ನೋಡುತ್ತಿದ್ದ. ಒಂದು ದಿನ ಹೇಳಿಯೇಬಿಟ್ಟ: "ಬೇಟಾ, ಐದ ತಿಂಗಳ ಹಿಂಗ ದಡ್ಡ ಇರಾಕ ಯಾರ ಕೈಲೂ ಆಗಂಗಿಲ್ಲ. ಬೇಕಂತಲೇ ಕೊಲ್ಲಾಕತ್ತಾನ ಅವ. ನಿನ್ನ ನೋಡಾಕ."

"ನನ್ನ ನೋಡಾಕ ಗಿಡಾ ಕೊಲ್ಲಾವನ್ನ ನಾ ಚಪ್ಲಿ ಬಿಡೂ ಜಾಗಾದಾಗ ನಿಂದ್ರಸ್ತೀನಿ ಕಾಕಾ," ಅಂದಳು ಶಾಂಭವಿ. ಅಂದು ಸಂಜೆ ಬಸ್ಸಿನ ಕಿಟಕಿಗೆ ತಲೆ ಆನಿಸಿ ತಿಕೋಟಾದವರೆಗೂ ನಕ್ಕಳು.

ನವೆಂಬರದ ಮೊದಲ ಶನಿವಾರ ಅವನು ಬರಿಗೈಯಲ್ಲಿ ಬಂದಂತೆ ಕಂಡಿತು. ಕ್ಯಾರಿಬ್ಯಾಗ್ ಇರಲಿಲ್ಲ. ತೊಳೆದು ಒರೆಸಿದ ಖುರ್ಪಿಯನ್ನು ಟೇಬಲ್ಲಿನ ಮೇಲಿಟ್ಟ.

"ನಿಮ್ಮದು ನಿಮಗ ಕೊಟ್ಟ ಹೋಗೂಣು ಅಂತ ಬಂದೆ. ಹಿತ್ತಲಾ ಬಿಟ್ಟೆ ನಾ. ನನ್ನ ಕೈಲೆ ಆಗಂಗಿಲ್ಲ."

ಶಾಂಭವಿ ಹೋಗಬ್ಯಾಡ್ರಿ ಅನ್ನಬೇಕಿತ್ತು. ಆದರೆ ಐದು ತಿಂಗಳ ರೂಢಿ, ನಾಲಿಗೆ ತಾನೇ ಮುಂದಾಯಿತು.

"ಚಲೋ ಆತು. ಇನ್ನ ಮ್ಯಾಲರ ನಾಕ ಬೀಜಾ ಬದುಕ್ತಾವ."

ಈ ಸಲ ಅವನು ನಗಲಿಲ್ಲ. "ಖರೇ ಐತಿ," ಅಂದು ಮೆಟ್ಟಿಲಿಳಿದು ಹೋದ.

ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನ ಶನಿವಾರವೂ ಬರಲಿಲ್ಲ. ನೀಲಿ ಓಢಣಿ ಸುಮ್ಮನೆ ಅಂಗಡಿಯ ಧೂಳು ಕುಡಿಯಿತು. ಬೈಯಲು ಬೇರೆ ಗಿರಾಕಿಗಳು ಬೇಕಾದಷ್ಟಿದ್ದರು, ಬೈದರೂ ರುಚಿಸಲಿಲ್ಲ. ಅವನು ಹೀಗೇ ಕೈತಪ್ಪಿ ಹೋದರೆ ತಾನು ಜೀವನವಿಡೀ ಈ ಸ್ಟೂಲಿನ ಮೇಲೆ ಕೂತು ಶನಿವಾರ ಎಣಿಸಬೇಕು ಎಂದು ಅವಳಿಗೆ ಹೆದರಿಕೆಯಾಯಿತು. ಮೂರನೇ ಶನಿವಾರ ಊಟದ ಹೊತ್ತಿಗೆ ಖುರ್ಪಿ ಚೀಲಕ್ಕೆ ಹಾಕಿಕೊಂಡು ಎದ್ದಳು.

"ಎಲ್ಲಿಗ್ ಬೇಟಾ?"

"ಕಳ್ಳನ ಹಿತ್ತಲಾ ನೋಡಾಕ. ನನಗ ತೋರಸಾಕ ಒಂದೊಂದ ಕೊಂದಿರತಾನ, ಉಳದದ್ದ ಹಸಿರ ತುಂಬೇ ಇರತೈತಿ ನೋಡ್ರಿ. ಕೊರಳಪಟ್ಟಿ ಹಿಡದ ಕೇಳ್ತೀನಿ."

ಗುಡಿಯ ಹಿಂದಿನ ಓಣಿಯಲ್ಲಿ ಮನೆಯ ಮಾಲಕಿ ಗುರುಬಸವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. "ಹಿಂದ ಅದಾನ ಹೋಗವ್ವಾ. ಮಾರಿ ಸಣ್ಣದ ಮಾಡ್ಕೊಂಡ ಕುಂತಾನ," ಅಂದಳು.

ಹಿತ್ತಲು ಹಸಿರಾಗಿರಲಿಲ್ಲ. ದಾರ ಹಿಡಿದು ಇಂಚು ತಪ್ಪದೆ ತೋಡಿದ ಮಡಿಗಳು, ಒಂದೊಂದು ಗೇಣಿಗೆ ಒಂದೊಂದು ಒಣಗಿದ ಕಡ್ಡಿ. ಮಡಿಗೊಂದು ಸರ್ವೆ ಗೂಟ ನೆಟ್ಟಿದ್ದ, ಗೂಟಕ್ಕೆ ಬಿಳಿ ಬಣ್ಣ ಬಳಿದು ಪೆನ್ಸಿಲಿನಲ್ಲಿ ಬರೆದಿದ್ದ. ಬೆಂಡಿಯ ಗೂಟದ ಮೇಲೆ: "ತಿಕೋಟಾ ಬಸ್ಸಿನ್ಯಾಗ ನಿಂತಂಗ ನಿಂದ್ರಸಬ್ಯಾಡ್ರಿ." ಮೆಂತೆಯ ಮೇಲೆ: "ಮಧ್ಯಾಹ್ನ ಚಾ ಕುಡಸಬ್ಯಾಡ್ರಿ." ಅವರೆಯ ಮೇಲೆ: "ಎಲಿ ಸುಳ್ಳ ಹೇಳಂಗಿಲ್ಲ."

ಸತೀಶಕುಮಾರ ಎದ್ದು ನಿಂತ. "ನೀವು? ಇಲ್ಲಿ?"

ಅವಳ ಒಂದು ಬೈಗುಳವನ್ನೂ ಅವನು ಮಣ್ಣುಪಾಲು ಮಾಡಿರಲಿಲ್ಲ. ಹೇಳಿದ್ದನ್ನೆಲ್ಲ ಮಾಡಿದ್ದ. ಕಾಕಾ ಹೇಳಿದ್ದು ಸುಳ್ಳು, ಇವನು ಕಳ್ಳನಲ್ಲ. ಮತ್ತೆ ಸತ್ತದ್ದು ಯಾಕೆ? ಶಾಂಭವಿ ಕುಕ್ಕರುಗಾಲಲ್ಲಿ ಕೂತು ನೋಡಿದಳು. ಕಪ್ಪು ಮಣ್ಣಿನ ಮೇಲೆ ತೆಳ್ಳಗೆ ಬೆಳ್ಳಗಿನ ಪದರು. ಬೆರಳಿಗೆ ಹತ್ತಿಸಿಕೊಂಡು ನಾಲಿಗೆಗಿಟ್ಟಳು. ಉಪ್ಪು.

"ನೀರ ಯಾವುದ ಹಾಕ್ತೀರಿ?"

ಅವನು ಹೆಮ್ಮೆಯಿಂದ ಅಡುಗೆಮನೆಯ ಕಿಟಕಿ ತೋರಿಸಿದ. ಅಲ್ಲಿಂದ ಸಣ್ಣ ಪೈಪೊಂದು ಬಕೆಟ್ಟಿಗೆ ಇಳಿದಿತ್ತು. "ಫಿಲ್ಟರಿನ ವೇಸ್ಟ್ ನೀರ್ರಿ. ಬೋರಿನ ನೀರ ಮಶೀನಿಗೆ ಹೋಗತೈತಿ, ಉಳದದ್ದ ಇಲ್ಲಿಗೆ ಬರತೈತಿ. ಒಂದ ಹನಿ ಹಾಳ ಮಾಡಿಲ್ಲ."

ಬೋರಿನ ಉಪ್ಪನ್ನೆಲ್ಲ ಸೋಸಿ ತೆಗೆದು ಗಿಡಕ್ಕೆ ಕುಡಿಸಿದ್ದ, ಪುಣ್ಯಾತ್ಮ. ಶಾಂಭವಿಯ ಮೂಗು ಮೇಲೇರಲು ಹೊರಟು ಅರ್ಧದಲ್ಲೇ ನಿಂತಿತು. ತಿಕೋಟಾದಲ್ಲಿ ಬಾಟಲಿಯಲ್ಲಿ ನೀರು ತುಂಬಿ ಟೆಸ್ಟಿಗೆ ಕಳಿಸದೆ ಯಾರೂ ಒಂದು ದ್ರಾಕ್ಷಿ ಕಡ್ಡಿ ನೆಡುವುದಿಲ್ಲ. ಯಾರು ಸಲಹೆ ಕೇಳಲು ಬಂದರೂ ಅವಳಪ್ಪನ ಮೊದಲ ಪ್ರಶ್ನೆ ಅದೇ, ನೀರು ಎಂಥದ್ದು. ಸುಟ್ಟ ಎಲೆಯನ್ನು ಕೈಯಲ್ಲಿ ಹಿಡಿದೂ ಅವಳು ಅದನ್ನು ಕೇಳಿರಲಿಲ್ಲ. ಎಲೆ ನಿಜ ಹೇಳಿತ್ತು, ಇವನೂ ನಿಜ ಹೇಳಿದ್ದ. ಬಿ.ಎಸ್ಸಿ. ಓದಿದವಳಿಗೆ ಬೈಯುವ ಸುಖವೇ ಹೆಚ್ಚಾಗಿತ್ತು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಇವನ್ನ ಕೊಂದಾಕಿ ನಾನ್ರಿ," ಅಂದಳು. "ಮದಲ ಕೇಳೂ ಮಾತು ನಾ ಕೇಳ್ಲಿಲ್ಲ."

ಅವನು ಗೂಟಗಳನ್ನು ನೋಡುತ್ತ ಹೇಳಿದ: "ನಾನೂ ಒಂದ ಮಾತ ಕೇಳ್ಲಿಲ್ರಿ. ಮದಲನೇ ಸೂಡ ಮೆಂತೆ ನಿಮ್ಮ ಕೈಯಾಗ ಇಟ್ಟ ಕೇಳಬೇಕಂತ ಮಾಡಿದ್ದೆ. ಒಂದ ಸೂಡ ಮೆಂತೆ ಬೆಳೀಲಾರದಾವ ಅಮರಪ್ಪನವರ ಮಗಳನ್ನ ಲಗ್ನಕ್ಕ ಯಾವ ಬಾಯಿಲೆ ಕೇಳೂದು? ಅದಕ್ಕ ಖುರ್ಪಿ ತಂದ ಕೊಟ್ಟೆ."

ಶಾಂಭವಿ ಖುರ್ಪಿ ಹೊರಗೆ ತೆಗೆದು ಮೂಲೆಯ ಮಡಿಯ ಮೇಲ್ಮಣ್ಣನ್ನೆಲ್ಲ ಕೆರೆದು ಹಾಕಿದಳು. ಹಿತ್ತಲು ಬಿಡುವ ಮೊದಲು ಅವನು ತಂದಿಟ್ಟಿದ್ದ ಹೊಸ ಮಣ್ಣಿನ ಚೀಲ ಬಿಚ್ಚಿ, ಕೊಳೆತ ಗೊಬ್ಬರ ಬೆರೆಸಿ ತುಂಬಿದಳು. ತನ್ನ ಪರ್ಸಿನಲ್ಲಿದ್ದ ಮೆಂತೆಕಾಳು ಚೆಲ್ಲಿ ಕೈಯಾಡಿಸಿದಳು.

"ನಳದಾಗ ಹೊಳಿ ನೀರ ಬರತೈತಲ್ಲ, ಡ್ರಮ್ಮಿನ್ಯಾಗ ತುಂಬಿ ಇಡ್ರಿ. ಅದನ್ನ ಹಾಕ್ರಿ."

"ಎಷ್ಟ ದಿನಕ್ಕ ಬರತೈತ್ರಿ ಇದು?"

"ಇಪ್ಪತ್ತೈದ ದಿನಾ."

ಅವನು ಪಾಕೆಟ್ ಬುಕ್ ತೆಗೆದು ತಾರೀಖು ಲೆಕ್ಕ ಹಾಕಿದ. "ಹಂಗಾರ ಇಪ್ಪತ್ತೈದ ದಿನಾ ಆದ ಮ್ಯಾಲ ಕೇಳ್ತೀನ್ರಿ."

ಈಗ ಮೂಗು ಪೂರ್ತಿ ಮೇಲೇರಿತು. "ದಡ್ಡ ಅದೀರಿ ಅಂತ ಗೊತ್ತಿತ್ತು ಸಾಹೇಬ್ರ, ಇಷ್ಟ ದಡ್ಡ ಅಂತ ಗೊತ್ತಿರಲಿಲ್ಲ. ಬೀಜಾ ನಂದು, ಖುರ್ಪಿ ನಂದು. ಇದು ನೀವು ಬೆಳದ ಮೆಂತೆ ಹೆಂಗ ಆಗತೈತಿ? ಈಗ ಕೇಳ್ರಿ. ನನ್ನ ಊಟದ ಟೈಮ್ ಮುಗೀತು."

ಅವನ ಕೈಯಿಂದ ಪೆನ್ಸಿಲ್ ಬಿತ್ತು. ಕೇಳಿದ. ತೊದಲಿದ, ಮತ್ತೊಮ್ಮೆ ಕೇಳಿದ.

ಶಾಂಭವಿ ಬಿದ್ದ ಪೆನ್ಸಿಲ್ ಎತ್ತಿಕೊಂಡು, ಖಾಲಿ ಗೂಟವೊಂದರ ಮೇಲೆ ಬರೆದು, ಹೊಸ ಮಡಿಯ ತಲೆಗೆ ನೆಟ್ಟು, ಓಢಣಿ ಕೊಡವಿಕೊಂಡು ಹೊರಟುಬಿಟ್ಟಳು. ಅವನು ಬಗ್ಗಿ ಓದಿದ.

"ಹೂಂ. ಇದಕ್ಕೂ ಫಿಲ್ಟರ್ ನೀರ ಹಾಕಬ್ಯಾಡ್ರಿ, ಜ್ವಾಕಿ."