ಗೂಬೆಮುದ್ರೆ

ಮಲಪ್ರಭೆಯ ತಿರುವಿನಲ್ಲಿ, ಕೆಂಪು ಬಂಡೆಗಳ ನೆತ್ತಿಯ ಮೇಲೆ, ಮುತ್ತಲದುರ್ಗವೆಂಬ ರಾಜಧಾನಿಯು ಬೆಳಗಿನ ಬಿಸಿಲಿಗೆ ಹುಣಿಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಹಂಡೆಯಂತೆ ಥಳಥಳಿಸುತ್ತಿತ್ತು. ಅದಕ್ಕೆ ಏಳು ಸುತ್ತಿನ ಕೋಟೆಯಿತ್ತೆಂದು ವಂದಿಮಾಗಧರು ಹಾಡುತ್ತಿದ್ದರು. ಇದ್ದದ್ದು ಮೂರೇ ಸುತ್ತೆಂದೂ, ಉಳಿದ ನಾಲ್ಕನ್ನು ಅವರು ಸಂಭಾವನೆಯ ಆಸೆಗೆ ತಾವೇ ಕಟ್ಟಿಕೊಂಡರೆಂದೂ ಕಲ್ಲುಕುಟಿಗರು ಗೊಣಗುತ್ತಿದ್ದರು. ಜಗಳವೇಕೆ, ಐದೆಂದು ಇಟ್ಟುಕೊಳ್ಳೋಣ. ಪಟ್ಟದಾನೆಯು ಹೊಳೆಯಲ್ಲಿ ಮಿಂದು ರಾಜಬೀದಿಯಲ್ಲಿ ಬರುವಾಗ ಹೂವಾಡಗಿತ್ತಿಯರು ಬುಟ್ಟಿಗಳನ್ನು ಎದೆಗವಚಿಕೊಂಡು ಗೋಡೆಗೆ ಅಂಟಿ ನಿಲ್ಲುತ್ತಿದ್ದರು; ಸೇವಂತಿಗೆಯ ಮೇಲೆ ಆ ಗಜರಾಜನಿಗೆ ಅರಸನಿಗಿಂತ ಹೆಚ್ಚಿನ ಹಕ್ಕಿತ್ತು. ಪಡುವಣ ಕಡಲಿನಿಂದ ಬಂದ ಕುದುರೆಯ ವರ್ತಕರು, ಬಸದಿಯ ಗಂಟೆ, ಶಿವಾಲಯದ ಮದ್ದಳೆ, ಕಂಚುಗಾರರ ಕೇರಿಯ ಠಣಠಣ, ಇವೆಲ್ಲವೂ ಸೇರಿ ಆ ನಗರವು ತಾನು ಯಾರಿಗೂ ಹೆದರುವುದಿಲ್ಲವೆಂದು ದಿನವೂ ಗಟ್ಟಿಯಾಗಿ ಹೇಳಿಕೊಳ್ಳುವಂತಿತ್ತು.

ಅಷ್ಟು ಗಟ್ಟಿಯಾಗಿ ಹೇಳಿಕೊಳ್ಳುವುದಕ್ಕೆ ಕಾರಣವೂ ಇತ್ತು. ಹಿಂದಿನ ಅರಸನು ನಡುಹಗಲಿನಲ್ಲಿ, ತನ್ನದೇ ತೂಗುಮಂಚದ ಮೇಲೆ, ಕಾವಲಿನವರ ಕಣ್ಣೆದುರಿಗೇ ಹತನಾಗಿದ್ದನು. ಹಣ್ಣಿನ ಬುಟ್ಟಿ ಹೊತ್ತವನೊಬ್ಬ, ಯಾರೂ ಕೇಳದ ಕಾರಣ ಏನೂ ಹೇಳದೆ, ನೆಟ್ಟಗೆ ಒಳಗೆ ನಡೆದುಹೋಗಿ ಕೆಲಸ ಮುಗಿಸಿ, ಬುಟ್ಟಿಯನ್ನು ಮರೆಯದೆ ಹೊತ್ತುಕೊಂಡು ಹೊರಟುಹೋಗಿದ್ದ.

ಆತನ ಮಗ ಕೇತರಸನು ಪಟ್ಟವೇರಿದಾಗ ಅರಮನೆಯ ಕಾವಲಿಗೆ ಹೊಸ ಅಧಿಕಾರಿಯನ್ನು ಹುಡುಕಿಸಿದನು. ಎದೆಯ ಗಾಯಗಳನ್ನು ಆಭರಣದಂತೆ ತೋರಿಸುವ ವೀರರು ಸಾಲುಗಟ್ಟಿ ಬಂದರು. ಅವರ ನಡುವೆ, ಉಗ್ರಾಣದ ಲೆಕ್ಕ ಒಪ್ಪಿಸಲು ಬಂದಿದ್ದ ನಾಕಿಮಯ್ಯನೆಂಬ ಬಡಕಲು ಅಧಿಕಾರಿಯು ಮಾತ್ರ ಅರಸನ ಮುಖವನ್ನು ನೋಡದೆ ಮೇಲಿನ ಗವಾಕ್ಷಿಯನ್ನೇ ನೋಡುತ್ತಿದ್ದನು.

“ಅಲ್ಲೇನು ಕಾಣುತ್ತಿದೆ ನಿಮಗೆ?” ಎಂದು ಕೇತರಸ ಕೇಳಿದ.

“ಜೀಯಾ, ಅಲ್ಲಿಂದ ಬಾಣ ಬಿಟ್ಟರೆ ತಮಗೆ ತಾಗುತ್ತದೆ. ತಾವು ತುಸು ಸರಿದು ಕುಳಿತರೆ ನನಗೆ ತಾಗುತ್ತದೆ. ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದೇನೆ.”

ಸಭೆ ಗೊಳ್ಳೆಂದು ನಕ್ಕಿತು. ಅರಸ ನಗಲಿಲ್ಲ. “ಧೈರ್ಯಸ್ಥರು ಚೆನ್ನಾಗಿ ನಿದ್ರಿಸುತ್ತಾರೆ. ನಮಗೆ ನಿದ್ದೆ ಬಾರದವನೊಬ್ಬ ಬೇಕಾಗಿತ್ತು,” ಎಂದು ಅಂದೇ ಅವನಿಗೆ ಕಾವಲಿನ ಅಧಿಕಾರದ ಪಟ್ಟ ಕಟ್ಟಿದನು.

ಹೀಗೆ ಹೆದರಿಕೆಯೇ ನಾಕಿಮಯ್ಯನ ವಿದ್ಯೆಯಾಯಿತು. ತಾನು ಕಳ್ಳನಾದರೆ ಎಲ್ಲಿಂದ ನುಗ್ಗುವೆ, ಕೊಲೆಗಾರನಾದರೆ ಯಾವ ವೇಷ ತೊಡುವೆ ಎಂದು ಅವನು ಹಗಲಿಡೀ ಯೋಚಿಸುತ್ತಿದ್ದ. ಯೋಚಿಸಿದ್ದನ್ನು ತನ್ನ ಆಳುಗಳ ಕೈಯಲ್ಲಿ ಮಾಡಿಸಿಯೂ ನೋಡುತ್ತಿದ್ದ. ಹಾಲು ಮಾರುವವನ ವೇಷದಲ್ಲೊಬ್ಬ, ಜೋಯಿಸನ ವೇಷದಲ್ಲೊಬ್ಬ, ಆಗಾಗ ಬಾಗಿಲುಗಳಲ್ಲಿ ನುಸುಳಲು ಹವಣಿಸುವರು. ಹಿಡಿದ ಕಾವಲುಗಾರನಿಗೆ ಒಂದು ಕರಿಯ ಕಂಬಳಿ ಬಹುಮಾನ, ಬಿಟ್ಟವನಿಗೆ ಬಾಸುಂಡೆ. ಸಿಕ್ಕಿಬಿದ್ದ ಹುಸಿಗಳ್ಳನನ್ನು ನಿಜವಾಗಿಯೇ ಚಚ್ಚಿಬಿಡಬಾರದೆಂದು ಸೀಸದಲ್ಲಿ ಒಂದು ಮುದ್ರೆಯನ್ನು ಎರಕಹೊಯ್ಯಿಸಿದ್ದ. ಅದರ ಮೇಲೊಂದು ಗೂಬೆ. ಆ ಗೂಬೆಯನ್ನು ಕಂಡ ಕಾವಲುಗಾರನು ಯಾರಿಗೂ ಉಸಿರೆತ್ತದೆ ಆತನನ್ನು ಮುಂದಿನ ಬಾಗಿಲಿಗೆ ಬಿಡಬೇಕು. ಮುಂದಿನವನ ಎಚ್ಚರವನ್ನೂ ಪರೀಕ್ಷಿಸಬೇಕಲ್ಲ! ಅಂತಹ ಮುದ್ರೆಗಳು ಎರಡೇ ಇದ್ದವು. ಒಂದು ನಾಕಿಮಯ್ಯನ ಸೊಂಟದಲ್ಲಿ. ಇನ್ನೊಂದು ಅರಸನದು, ಅದನ್ನು ಅರಸನು ಮಹಾಪ್ರಧಾನ ಗೋವರಸನ ವಶದಲ್ಲಿ ಇರಿಸಿದ್ದನು.

ಆಗಾಗ ಅವನು ಸುಳ್ಳು ಬೊಬ್ಬೆಯನ್ನೂ ಎಬ್ಬಿಸುವನು. “ಅಂತಃಪುರಕ್ಕೆ ಬೆಂಕಿ!” ಎಂದು ಒಮ್ಮೆ ಎಷ್ಟು ಮನಮುಟ್ಟುವಂತೆ ಅತ್ತನೆಂದರೆ ಮುದಿ ಅಡುಗೆಯವನೊಬ್ಬ ಸಾರಿನ ಕೊಪ್ಪರಿಗೆಯನ್ನೇ ತಂದು ಅಂತಃಪುರದ ಮೇಲೆ ಸುರಿದನಂತೆ.

“ಊರಿಗೆಲ್ಲ ಬೀಗ ಹಾಕಿಬಂದು ನಮ್ಮ ಮನೆಯ ಅಗಳಿಯನ್ನು ಮತ್ತೆ ಮತ್ತೆ ಎಳೆದು ನೋಡುತ್ತೀರಲ್ಲ, ನಿಮ್ಮನ್ನು ಕಟ್ಟಿಕೊಂಡ ನಾನೇ ನಿಜವಾದ ವೀರವನಿತೆ,” ಎಂದು ಹೆಂಡತಿ ಮಾಚಲೆ ಹಂಗಿಸುತ್ತಿದ್ದಳು.

ಆ ಶನಿವಾರ ಅರಸನ ಅಭ್ಯಂಜನದ ದಿನ. ನಾಕಿಮಯ್ಯನಿಗೆ ಅರಮನೆಯಲ್ಲಿ ಕೆಲಸವೇನೂ ಇರಲಿಲ್ಲ. ಆದರೂ ಬೆಳಗಿನ ಗಂಜಿ ಗಂಟಲಲ್ಲಿ ಇಳಿಯದೆ, ಸುಮ್ಮನೆ ಒಮ್ಮೆ ನೋಡಿಬರೋಣವೆಂದು ಹೊರಟನು. ಮಜ್ಜನದ ಮನೆಗೆ ಮೂರು ಬಾಗಿಲು. ಮೊದಲನೆಯದರಲ್ಲಿ ಮಾರೆಯನೆಂಬ ದ್ವಾರಪಾಲಕ ಈಟಿಗೆ ಒರಗಿ ಅಡಿಕೆ ಅಗಿಯುತ್ತಿದ್ದವನು ಇವನನ್ನು ಕಂಡದ್ದೇ ಕಣ್ಣು ಮಿಟುಕಿಸಿದ.

“ಒಡೆಯಾ, ನನ್ನ ಕಂಬಳಿ ಎಂದು?”

“ಯಾವ ಕಂಬಳಿಯೋ?”

“ನೋಡಿ, ಏನೂ ಅರಿಯದವರ ಹಾಗೆ! ಎಣ್ಣೆ ತಿಕ್ಕುವ ಜಟ್ಟಿಯ ವೇಷ ಹಾಕಿಸಿ ಕಳಿಸಿದ್ದಿರಲ್ಲ, ತೋಳು ನೋಡಿದರೆ ದೇವಸ್ಥಾನದ ಕಂಬ. ಹೊಸ ಮುಖ ಅಂತ ರಟ್ಟೆ ಹಿಡಿದೇಬಿಟ್ಟೆ. ಗೂಬೆ ತೋರಿಸಿದ. ಬಿಟ್ಟೆ. ಈಗ ತಾನೆ ಒಳಗೆ ಹೋದ. ಈ ಸಲದ ಚಳಿಗೆ ನನ್ನ ಮುದುಕಿಗೆ...”

ಮಾರೆಯನ ಮುಂದಿನ ಮಾತು ನಾಕಿಮಯ್ಯನಿಗೆ ಕೇಳಿಸಲಿಲ್ಲ. ಅವನ ಕೈ ತಾನಾಗಿಯೇ ಸೊಂಟಕ್ಕೆ ಹೋಗಿತ್ತು. ಮುದ್ರೆ ಅಲ್ಲಿಯೇ ಇತ್ತು, ತಣ್ಣಗೆ. ಅವನು ಅಂದು ಯಾರನ್ನೂ ಕಳಿಸಿರಲಿಲ್ಲ.

ತನ್ನ ಮುದ್ರೆ ಇಲ್ಲಿದ್ದರೆ ಒಳಗೆ ಹೋದದ್ದು ಅರಸನ ಮುದ್ರೆ. ಅದು ಇದ್ದದ್ದು ಗೋವರಸನ ಬಳಿ. ಅರಸನಿಗೆ ಮಕ್ಕಳಿಲ್ಲ, ಆತನಿಗೇನಾದರೂ ಆದರೆ ಪಟ್ಟಕ್ಕೆ ಬರುವುದು ತೀರಿಹೋದ ತಮ್ಮನ ತೊಟ್ಟಿಲ ಕೂಸು, ಕೂಸಿನ ಹೆಸರಿನಲ್ಲಿ ರಾಜ್ಯವಾಳುವವನು ಮಹಾಪ್ರಧಾನ. ಮೂರು ಬಾಗಿಲಿನಲ್ಲೂ ಹಿಡಿಯುತ್ತಾರೆ, ಮೂರು ಬಾಗಿಲಿನಲ್ಲೂ ಬಿಡುತ್ತಾರೆ. ಕಳ್ಳರನ್ನು ಹಿಡಿಯಲೆಂದು ತಾನು ಎರಕಹೊಯ್ಯಿಸಿದ್ದು ಎಲ್ಲ ಬೀಗಗಳಿಗೂ ಹೊಂದುವ ಒಂದು ಕೀಲಿಕೈಯಾಗಿತ್ತು!

“ಮಾರೆಯಾ, ಅವನು ನಮ್ಮವನಲ್ಲ! ನಿಜವಾದ ಕೊಲೆಗಾರ! ಕಹಳೆ ಊದಿಸು!”

ಮಾರೆಯ ಎಲೆಯಡಿಕೆಯ ಕೆಂಪು ಹಲ್ಲನ್ನೆಲ್ಲ ತೋರಿಸಿ ನಕ್ಕ. “ಬೆಂಕಿಯ ದಿನಕ್ಕಿಂತ ಇವತ್ತು ಇನ್ನೂ ಚೆನ್ನಾಗಿದೆ, ಒಡೆಯಾ. ಬೆವರು ಹೇಗೆ ತರಿಸಿಕೊಂಡಿರಿ?”

ನಾಕಿಮಯ್ಯ ಓಡಿದ. ಎರಡನೆಯ ಬಾಗಿಲಿನವರು ಈಟಿಗಳನ್ನು ಅಡ್ಡಹಿಡಿದು ನಗುತ್ತಾ, “ಪರೀಕ್ಷೆಯೋ, ಪರೀಕ್ಷೆಯ ಮೇಲೆ ಪರೀಕ್ಷೆಯೋ?” ಎಂದು ಕೇಳಿದರು. ಅವನು ತನ್ನ ಗೂಬೆಯನ್ನೇ ತೋರಿಸಬೇಕಾಯಿತು. ತಕ್ಷಣ ಈಟಿಗಳು ಸರಿದವು. ಆ ಸರಿದ ಸದ್ದು ಅವನಿಗೆ ಜೀವಮಾನದಲ್ಲಿ ಕೇಳಿದ ಎಲ್ಲ ಸದ್ದುಗಳಿಗಿಂತ ಭಯಂಕರವಾಗಿತ್ತು.

ಮೂರನೆಯ ಬಾಗಿಲಿನಲ್ಲಿ ಅರಸನ ಅಂಗರಕ್ಷಕರು, ಬಿಚ್ಚುಗತ್ತಿಯವರು, ಗೋಡೆಗೆ ಸಾಲಾಗಿ ನಿಂತಿದ್ದರು. ಬಾಗಿಲು ತೆರೆದೇ ಇತ್ತು. ಒಳಗೆ ಹಬೆಯ ನಡುವೆ ಮಣೆಯ ಮೇಲೆ ಕೇತರಸನು ಹರಳೆಣ್ಣೆಯಲ್ಲಿ ಮುಳುಗಿ, ಕಣ್ಣಿಗೆ ಇಳಿಯಬಾರದೆಂದು ರೆಪ್ಪೆ ಬಿಗಿಯಾಗಿ ಮುಚ್ಚಿಕೊಂಡು, ಯಾವುದೋ ಹಳೆಯ ಲಾಲಿಯನ್ನು ಗುನುಗುತ್ತಿದ್ದನು. ಅವನ ಬೆನ್ನ ಹಿಂದೆ ಹೊಸ ಜಟ್ಟಿ. ಒಂದು ಕೈ ಅರಸನ ಕೊರಳನ್ನು ಮೆಲ್ಲಗೆ ನೀವುತ್ತಿತ್ತು. ಇನ್ನೊಂದು ಸೀಗೆಪುಡಿಯ ಬಟ್ಟಲಿನೊಳಗೆ ಏನನ್ನೋ ತಡವುತ್ತಿತ್ತು.

“ಹಿಡಿಯಿರಿ ಅವನನ್ನು! ಅರಸರ ಪ್ರಾಣ!” ಎಂದು ನಾಕಿಮಯ್ಯ ಕಿರುಚಿದ.

ಅಂಗರಕ್ಷಕರಲ್ಲೊಬ್ಬನು ಮೆಚ್ಚಿ ತಲೆದೂಗಿದ. ಮತ್ತೊಬ್ಬ, “ಭೇಷ್!” ಎಂದ. ಅರಸನೂ ಕಣ್ಣು ತೆರೆಯದೆಯೇ, “ನಾಕಿಮಯ್ಯಾ, ಮೀಯುವಾಗಲಾದರೂ ನಮ್ಮನ್ನು ಬಿಡಿ,” ಎಂದ. ಜಟ್ಟಿ ಮಾತ್ರ ತಲೆಯೆತ್ತಿ ಇವನನ್ನು ನೋಡಿ ಮುಗುಳ್ನಕ್ಕ. ಈ ಕೂಗನ್ನು ಯಾರೂ ನಂಬುವುದಿಲ್ಲವೆಂದು ಅವನಿಗೂ ಗೊತ್ತಿತ್ತು.

ಓಡಿಹೋಗಿ ಜಟ್ಟಿಯ ಮೇಲೆ ಬೀಳಬಹುದಿತ್ತು. ಆದರೆ ಆ ತೋಳಿನ ಮುಂದೆ ಇವನು ಒಂದು ಸೊಳ್ಳೆ. ಕಾವಲಿನವರು ಅದನ್ನೂ ನಾಟಕವೆಂದು ನೋಡುತ್ತಾ ನಿಲ್ಲುವರು. ಅವರನ್ನು ನಿಜವಾಗಿ ಕದಲಿಸಬಲ್ಲ ಸಂಗತಿ ಜಗತ್ತಿನಲ್ಲಿ ಒಂದೇ ಇತ್ತು. ಅದು ಅರಮನೆಯ ಹೆಬ್ಬಾಗಿಲಿನ ಕಲ್ಲಿನಲ್ಲೇ ಕೊರೆದಿತ್ತು: ಅರಸನ ಮೇಲೆ ಎತ್ತಿದ ಕೈ ಉಳಿಯತಕ್ಕದ್ದಲ್ಲ. ಯಾವ ಪರೀಕ್ಷೆಯಲ್ಲೂ, ಯಾವ ಹುಸಿಗಳ್ಳನೂ, ಅರಸನ ಮೈಯನ್ನು ಮುಟ್ಟಿದವನಲ್ಲ.

ನಾಕಿಮಯ್ಯ ತನ್ನ ಬಲಗೈಯನ್ನು ನೋಡಿಕೊಂಡ. ಅದು ಗಾಳಿಗೆ ಸಿಕ್ಕ ಅರಳಿಯೆಲೆಯಂತೆ ನಡುಗುತ್ತಿತ್ತು. ‘ನನ್ನಿಂದಾಗದು’ ಎಂದು ಅವನ ಮನಸ್ಸು ಸ್ಪಷ್ಟವಾಗಿ ಹೇಳಿತು. ಅಷ್ಟು ಹೇಳಿ ಮುಗಿಯುವುದರೊಳಗೆ ಕಾಲುಗಳು ಹೊಸ್ತಿಲು ದಾಟಿದ್ದವು.

ಅರಸನ ಕೆನ್ನೆಗೆ ಬಿದ್ದ ಆ ಪೆಟ್ಟಿನ ಸದ್ದು ಎರಡನೆಯ ಬಾಗಿಲಿನವರೆಗೂ ಕೇಳಿಸಿತು. ಎಣ್ಣೆಯ ಕೆನ್ನೆ, ಕೈ ಜಾರಿ ರಾಜಕಿರೀಟವಿರಬೇಕಾದ ನೆತ್ತಿಯವರೆಗೂ ಹೋಯಿತು. ಮರುಗಳಿಗೆ ಅಂಗರಕ್ಷಕರು ಗುಡುಗಿನಂತೆ ಒಳನುಗ್ಗಿ, ಅರಸನ ಸುತ್ತ ಕತ್ತಿಗಳ ಬೇಲಿ ಕಟ್ಟಿ, ಕಟ್ಟಳೆಯಂತೆ ಕೋಣೆಯಲ್ಲಿದ್ದ ಪ್ರತಿಯೊಬ್ಬನನ್ನೂ ನೆಲಕ್ಕೆ ಕೆಡವಿದರು. ಜಟ್ಟಿಯ ಬೆನ್ನ ಮೇಲೆ ನಾಲ್ವರು ಕುಳಿತರು. ಬಟ್ಟಲು ಉರುಳಿತು. ಸೀಗೆಪುಡಿಯ ನಡುವೆ ಮೀನಿನ ಮುಳ್ಳಿನಂತಹ ತೆಳ್ಳನೆಯ ಅಲಗೊಂದು ಹೊಳೆಯಿತು.

ಆಗ ನಗುವವರು ಯಾರೂ ಇರಲಿಲ್ಲ.

ಮಹಾಪ್ರಧಾನ ಗೋವರಸನು ಬಂದ ವೇಗ ನೋಡಿದರೆ ಅವನು ಎರಡನೆಯ ಬಾಗಿಲಿನ ಆಚೆಗೇ ಕಾದಿದ್ದನೆಂದು ಹೇಳಬೇಕು. ಒಳಬಂದವನು ಬದುಕಿರುವ ಅರಸನನ್ನು ಕಂಡು ಒಂದು ಕ್ಷಣ ಬಿಳಿಚಿಕೊಂಡು, ಮತ್ತೆ ಸಾವರಿಸಿಕೊಂಡು ಕೈಮುಗಿದನು.

“ಜೀಯಾ, ದೇವರು ದೊಡ್ಡವನು! ಈ ಜಟ್ಟಿಯ ಸೊಂಟದಲ್ಲಿ ಗೂಬೆಮುದ್ರೆಯಿದೆಯಂತೆ. ಗೂಬೆಮುದ್ರೆ ಯಾರದೆಂದು ಎಳೆಯ ಕೂಸಿಗೂ ಗೊತ್ತು. ಹಿಂದಿನಿಂದ ಇವನು, ಮುಂದಿನಿಂದ ಅವನು; ಸಂಚು ಸ್ಫಟಿಕದಷ್ಟು ಸ್ಪಷ್ಟ. ವಿಚಾರಣೆಯ ಗೊಡವೆಯೇಕೆ? ನಾಕಿಮಯ್ಯನ ತಲೆಯನ್ನು ಇಲ್ಲಿಯೇ ಇಳಿಸಲು ಅಪ್ಪಣೆಯಾಗಲಿ.”

ನೆಲಕ್ಕೆ ಮುಖವೊತ್ತಿ ಬಿದ್ದಿದ್ದ ನಾಕಿಮಯ್ಯನ ಹಲ್ಲುಗಳು ಕಟಕಟನೆ ಹೊಡೆದುಕೊಳ್ಳುತ್ತಿದ್ದವು. ಎಡಗೈಯನ್ನು ಹೇಗೋ ಸೊಂಟಕ್ಕೆ ತೂರಿಸಿ ತನ್ನ ಮುದ್ರೆಯನ್ನು ತೆಗೆದು ಒದ್ದೆ ಕಲ್ಲಿನ ಮೇಲೆ ಇಟ್ಟನು.

ಕೇತರಸನು ಒಂದು ಗೂಬೆಯನ್ನು ನೋಡಿದ. ಜಟ್ಟಿಯ ಸೊಂಟದಿಂದ ಕಿತ್ತುಕೊಟ್ಟ ಇನ್ನೊಂದನ್ನು ನೋಡಿದ. ಕೆನ್ನೆಯ ಮೇಲೆ ಬೆರಳುಗಳು ಕೆಂಪಗೆ ಮೂಡಿದ್ದವು.

“ಪ್ರಧಾನರೇ, ನಿಮ್ಮ ಬಳಿ ನಾವು ಇರಿಸಿದ ಮುದ್ರೆ ಎಲ್ಲಿದೆ?”

“ಮನೆಯಲ್ಲಿದೆ, ಜೀಯಾ. ಪೆಟ್ಟಿಗೆಯಲ್ಲಿ. ಭದ್ರವಾಗಿ.”

“ತರಿಸಿ. ನಾವು ಕಾಯುತ್ತೇವೆ.”

ಎಣ್ಣೆ ತೊಟ್ಟಿಕ್ಕುತ್ತಾ ಅರಸನು ಮಣೆಯ ಮೇಲೆ ಹಾಗೆಯೇ ಕುಳಿತನು. ಹಂಡೆಯ ನೀರು ಆರಿತು. ಗೋವರಸನು ಯಾರನ್ನೂ ಮನೆಗೆ ಅಟ್ಟಲಿಲ್ಲ. ನಿಂತಲ್ಲೇ ನಿಂತು, ಕೊನೆಗೆ ಸೀಗೆಪುಡಿಯ ಮೇಲೆ ಕುಳಿತುಬಿಟ್ಟನು. ಅವನನ್ನು ಹಿಡಿದೆಬ್ಬಿಸಿ ಒಯ್ಯುವಾಗ ಜಟ್ಟಿ, “ನನಗೆ ಇವರೇ ಕೊಟ್ಟದ್ದು,” ಎಂದು ಯಾರೂ ಕೇಳದೆಯೇ ಹೇಳಿದ.

ಮಧ್ಯಾಹ್ನದ ಓಲಗದಲ್ಲಿ ಅರಸನು ಚಿನ್ನದ ತಟ್ಟೆಯಲ್ಲಿ ವೀಳ್ಯವನ್ನು ತರಿಸಿ, “ನಾಕಿಮಯ್ಯಾ, ನೀವು ಹೊಡೆದದ್ದರಿಂದ ನಾವು ಉಳಿದೆವು. ಆ ಪೆಟ್ಟನ್ನು ನಾವು ಕ್ಷಮಿಸಿದ್ದೇವೆ,” ಎಂದನು. ಸಭೆ ಜಯಕಾರ ಮಾಡಿತು. ಮಾರೆಯನ ದನಿ ಎಲ್ಲಕ್ಕಿಂತ ಮೇಲಿತ್ತು.

ನಾಕಿಮಯ್ಯ ವೀಳ್ಯವನ್ನು ಮುಟ್ಟಲಿಲ್ಲ. ಮನೆಗೆ ಹೋಗಿ, ಅಗಳಿ ಹಾಕಿಕೊಂಡು, ಹೊದ್ದು ಮಲಗಬೇಕೆಂದು ಅವನ ಮೈಯ ಒಂದೊಂದು ರೋಮವೂ ಬೇಡುತ್ತಿತ್ತು. ಆದರೂ ಅವನ ತಲೆ, ಹಾಳು ತಲೆ, ತನ್ನ ಹಳೆಯ ಕೆಲಸವನ್ನು ಬಿಟ್ಟಿರಲಿಲ್ಲ. ತಾನು ಕೊಲೆಗಾರನಾದರೆ ನಾಳೆ ಏನು ಮಾಡುವೆ?

“ಜೀಯಾ,” ಎಂದ. “ಕ್ಷಮಿಸಬೇಡಿ.”

ಜಯಕಾರ ಮಾಡುತ್ತಿದ್ದವರು ಕತ್ತು ಚಾಚಿ ನೋಡಿದರು.

“ಒಳ್ಳೆಯ ಉದ್ದೇಶಕ್ಕೆಂದು ನಾನು ಒಂದು ವಿನಾಯಿತಿ ಮಾಡಿದೆ. ಗೂಬೆ ಇದ್ದವನನ್ನು ಬಿಡಿ ಎಂದೆ. ಅದೇ ದಾರಿಯಲ್ಲಿ ಕತ್ತಿ ಬಂತು. ಇಂದು ತಾವು ಇನ್ನೊಂದು ಮಾಡುತ್ತಿದ್ದೀರಿ. ಅರಸರನ್ನು ಉಳಿಸಲು ಅರಸರ ಮೇಲೆ ಕೈಮಾಡಬಹುದು ಎಂದು. ನಾಳೆ ಒಬ್ಬ ಬರುತ್ತಾನೆ, ಕೈಯೆತ್ತುತ್ತಾನೆ. ಕಾವಲಿನವರು ಒಂದು ಗಳಿಗೆ ಯೋಚಿಸುತ್ತಾರೆ, ಇವನೂ ನಾಕಿಮಯ್ಯನಂತೆಯೋ ಏನೋ ಎಂದು. ಅವನಿಗೆ ಆ ಒಂದು ಗಳಿಗೆ ಸಾಕು. ಜೀಯಾ, ಇಂದು ಅವರು ಯೋಚಿಸಲಿಲ್ಲ. ಅದಕ್ಕೇ ತಾವಿದ್ದೀರಿ.”

“ನಾಕಿಮಯ್ಯಾ, ನೀವು ಏನು ಕೇಳುತ್ತಿದ್ದೀರೆಂದು ತಿಳಿದಿದೆಯೇ?”

“ತಿಳಿದಿದೆ, ಜೀಯಾ. ಬೆಳಗಿನಿಂದ ಬೇರೇನನ್ನೂ ಯೋಚಿಸಿಲ್ಲ.” ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಹೆದರಿಕೆಯಾಗುತ್ತಿದೆ. ತಡಮಾಡಿದರೆ ಮಾತು ಬದಲಿಸುತ್ತೇನೆ. ಬೇಗ ಆಗಲಿ.”

ಕೇತರಸನು ತನ್ನ ಕೆನ್ನೆಯನ್ನು ಮುಟ್ಟಿ ನೋಡಿಕೊಂಡನು. ಆಮೇಲೆ ಕಣ್ಣಿನಲ್ಲೇ ಅಪ್ಪಣೆ ಕೊಟ್ಟನು. ಹೆಬ್ಬಾಗಿಲಿನ ಕಲ್ಲಿನ ಬಳಿ ಮರದ ದಿಮ್ಮಿಯನ್ನು ಇಟ್ಟರು. ವೈದ್ಯನು ಕಾದ ಎಣ್ಣೆಯನ್ನೂ ಅರಿವೆಯನ್ನೂ ಹಿಡಿದು ಪಕ್ಕದಲ್ಲಿ ನಿಂತ. ನಾಕಿಮಯ್ಯ ಬಲಗೈಯನ್ನು ದಿಮ್ಮಿಯ ಮೇಲೆ ಚಾಚಿ ಕಣ್ಣು ಮುಚ್ಚಿದ. ಆದರೆ ಆ ಕೈ ನಿಲ್ಲಲೊಲ್ಲದು. ದಿಮ್ಮಿಯ ಮೇಲೆ ಟಪಟಪನೆ ಬಡಿದುಕೊಳ್ಳುತ್ತಿತ್ತು. ತಳವಾರನು ಕತ್ತಿಯನ್ನು ಎತ್ತಿದ, ಇಳಿಸಿದ, ಮತ್ತೆ ಎತ್ತಿದ. “ಗುರಿ ಸಿಗುತ್ತಿಲ್ಲ, ಒಡೆಯಾ,” ಎಂದು ಹಿಂದೆ ಸರಿದ. ಹಿಡಿದುಕೊಳ್ಳಲು ಮುಂದೆ ಬರುವ ಧೈರ್ಯ ಯಾರಿಗೂ ಇರಲಿಲ್ಲ. ಮಾರೆಯ ಗೋಡೆಗೆ ಮುಖಮಾಡಿ ನಿಂತುಬಿಟ್ಟಿದ್ದ.

ಆಗ ಗುಂಪಿನ ನಡುವಿನಿಂದ ಮುಂದೆ ಬಂದ ಕೇತರಸನು, ಉತ್ತರೀಯವನ್ನು ಸೊಂಟಕ್ಕೆ ಬಿಗಿದು, ದಿಮ್ಮಿಯ ಪಕ್ಕದಲ್ಲಿ ಮಂಡಿಯೂರಿದನು. ತನ್ನ ಕೆನ್ನೆಯ ಮೇಲೆ ಬಿದ್ದಿದ್ದ ಆ ಕೈಯನ್ನು ಮಣಿಕಟ್ಟಿನ ಮೇಲ್ಗಡೆ, ಎರಡೂ ಕೈಗಳಿಂದ, ಮಗುವಿನ ಕೈ ಹಿಡಿದಂತೆ ಹಿಡಿದುಕೊಂಡನು. ನಡುಕ ನಿಲ್ಲಲಿಲ್ಲ. ಆದರೆ ಅದು ಯಾರ ನಡುಕವೆಂದು ಅಲ್ಲಿದ್ದವರಲ್ಲಿ ಒಬ್ಬರೂ ಹೇಳಬಲ್ಲವರಾಗಿರಲಿಲ್ಲ.