ಮೆಣಸಿಗೆ ಕೊಟ್ಟ ಮೌನವ್ರತ

ನಾಯಿಗಳ ವಿಷಯ ನನಗಿಂತ ಚೆನ್ನಾಗಿ ಬಲ್ಲವರು ಎಷ್ಟೋ ಜನ ಇದ್ದಾರೆ. ಅವರಲ್ಲಿ ಯಾರೂ ಈ ಕತೆ ಬರೆದಂತೆ ಕಾಣಲಿಲ್ಲ. ಅದಕ್ಕೇ ಧೈರ್ಯ ಮಾಡಿದ್ದೇನೆ. ತಪ್ಪಿದ್ದರೆ ಓದುವ ಮಕ್ಕಳು ಮನ್ನಿಸಬೇಕು.

"ಮೂಗು! ನನ್ನ ಮೂಗು!"

ಮುಕುಂದಯ್ಯ ಮೇಷ್ಟ್ರು ಜಿನಪ್ಪನ ಮನೆಯ ಜಗಲಿಯ ಮೇಲೆ ಕೂತು ಕೂಗುತ್ತಿದ್ದರು. ಮೂಗು ಇದ್ದಲ್ಲೇ ಇತ್ತು. ತುದಿಯಲ್ಲಿ ಮಾತ್ರ ಹಲ್ಲಿನ ಗುರುತು ಮೂಡಿ ರಕ್ತ ಬರುತ್ತಿತ್ತು.

ಕಚ್ಚಿದ ನಾಯಿ ಬೆಂಚಿನ ಕೆಳಗೆ ಹೋಗಿ ಮಲಗಿತ್ತು. ಅದರ ಹೆಸರು ಮೆಣಸು. ಮೈಯೆಲ್ಲ ಕಪ್ಪು. ಪೂರ್ತಿ ಬೆಳೆದ ಮೇಲೂ ಅಕ್ಕಿ ಅಳೆಯುವ ಕೊಳಗದಲ್ಲಿ ಕೂರಿಸಬಹುದಾದಷ್ಟೇ ದೊಡ್ಡದು.

"ಗುರ್ ಅಂತಲೂ ಅನ್ಲಿಲ್ಲ ಜಿನಪ್ಪನೋರೆ! ಸುಮ್ನೆ ಇತ್ತು, ಸುಮ್ನೆ ಕಚ್ತು!"

ಜಿನಪ್ಪನಿಗೆ ಹೊಸನಗರದ ಪೇಟೆಯಲ್ಲಿ ಬಟ್ಟೆ ಅಂಗಡಿ ಇತ್ತು. ಇದು ೧೯೩೮ರ ಸುಮಾರಿನ ಮಾತು. ಅವರು ಮಗಳ ಕಡೆ ತಿರುಗಿ ನೋಡಿದರು. ಮಗಳ ಹೆಸರು ಜ್ವಾಲಾಮಾಲಿನಿ. ಹೆಸರು ಉದ್ದ, ಹುಡುಗಿ ಗಿಡ್ಡ. ಎಲ್ಲರೂ ಮಾಲಿನಿ ಎನ್ನುತ್ತಿದ್ದರು.

ಡಿಸ್ಪೆನ್ಸರಿಯ ಡಾಕ್ಟರು ಗಾಯ ತೊಳೆದು ಪ್ಲಾಸ್ಟರು ಅಂಟಿಸಿದರು. ನಾಯಿಗೆ ಹುಚ್ಚಿದೆಯೋ ಇಲ್ಲವೋ ತಿಳಿಯಲು ಕೆಲವು ದಿನ ಕಟ್ಟಿಹಾಕಿ ನೋಡಿ ಎಂದರು.

"ಹುಚ್ಚಿಲ್ಲ ಅಂತ ಗೊತ್ತಾದ್ರೆ ಸಾಗರದ ಗಾಡೀಲಿ ಕಳಿಸ್ತೀನಿ. ಗಾಡಿ ಹೊಡೆಯೋ ಭೂತಪ್ಪ ಅದನ್ನ ಹೊಳೆ ದಾಟಿಸಿ ಬಿಟ್ಟು ಬರ್ತಾನೆ" ಎಂದರು ಅಪ್ಪ.

"ಆಚೆ ಅದಕ್ಕೆ ಊಟ ಯಾರು ಹಾಕ್ತಾರೆ?"

"ಈಚೆ ಮೇಷ್ಟ್ರಿಗೆ ಮೂಗು ಯಾರು ಕೊಡ್ತಾರೆ?"

ಮಾಲಿನಿ ಬಗ್ಗಿ ಬೆಂಚಿನ ಕೆಳಗೆ ನೋಡಿದಳು.

ಮೆಣಸು ಮೊದಲು ಗುರ್ ಎನ್ನುತ್ತಿತ್ತು. ಮೇಷ್ಟ್ರು ಸಂಜೆ ಮಾಲಿನಿಗೆ ಪಾಠ ಹೇಳಲು ಬಂದು ಎತ್ತಿಕೊಂಡಾಗಲೆಲ್ಲ ಎನ್ನುತ್ತಿತ್ತು. "ನಿನ್ನ ನಾಯಿಗೆ ಒಂಚೂರು ಮರ್ಯಾದೆ ಕಲಿಸೇ" ಎಂದು ಮೇಷ್ಟ್ರು ಹೇಳಿದ್ದರು. ಮೇಷ್ಟ್ರು ಹೇಳಿದರೆ ಅದು ಮನೆಪಾಠವಿದ್ದ ಹಾಗೆ.

ಮರ್ಯಾದೆ ಎಂದರೆ ಮಾಲಿನಿಗೆ ನೆನಪಾದದ್ದು ಅಜ್ಜನ ಮೌನ. ಚತುರ್ದಶಿಯ ದಿನ ಅಜ್ಜ ಒಂದೇ ಹೊತ್ತು ಉಣ್ಣುತ್ತಿದ್ದರು, ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಬಂದವರೆಲ್ಲ ಅವರಿಗೆ ಕೈಮುಗಿಯುತ್ತಿದ್ದರು.

ಅವಳು ಮೆಣಸಿಗೂ ವ್ರತ ಕೊಟ್ಟಳು. ಗುರ್ ಎಂದರೆ ಮೂತಿ ಅಮುಕಿ ಹಿಡಿದು "ಮೌನ!" ಎನ್ನುವಳು. ಸುಮ್ಮನಿದ್ದರೆ ಬೆಲ್ಲದ ಚೂರು. ಮೆಣಸು ಬೇಗ ಕಲಿಯಿತು. ನೀನು ಮಗ್ಗಿ ಕಲಿತದ್ದಕ್ಕಿಂತ ಬೇಗ ಎಂದು ಮೇಷ್ಟ್ರೇ ಮೆಚ್ಚಿದ್ದರು.

ಅಷ್ಟು ಕಲಿತ ನಾಯಿ ಏಕೆ ಕಚ್ಚಿತು?

ಮೆಣಸನ್ನು ಕಟ್ಟಿಹಾಕಿದ್ದಾಗಲೇ ಚತುರ್ದಶಿ ಬಂತು. ಅಜ್ಜ ಊಟಕ್ಕೆ ಕೂತರು. ಅಮ್ಮ ಅನ್ನ ತಂದಳು. ಅಜ್ಜ ಎಲೆಯ ಮೇಲೆ ಕೈ ಅಡ್ಡ ಹಿಡಿದರು.

"ಒಂದೇ ಹೊತ್ತಲ್ವಾ ಮಾವಯ್ಯ, ಇನ್ನೊಂದು ಚೂರು" ಎಂದು ಅಮ್ಮ ಪಕ್ಕದಿಂದ ಬಡಿಸಿದಳು.

ಅಜ್ಜ ಜೋರಾಗಿ ತಲೆ ಆಡಿಸಿದರು.

"ತಿಳಿಸಾರಿಗಾದ್ರೂ ಸ್ವಲ್ಪ" ಎಂದು ಅಮ್ಮ ಮತ್ತೆ ಸೌಟು ಚಾಚಿದಳು.

ಅಜ್ಜ ಸೌಟಿಗೆ ಒಂದು ಏಟು ಕೊಟ್ಟರು. ಸೌಟು ಅಡುಗೆಮನೆಯ ಹೊಸಿಲವರೆಗೂ ಹೋಯಿತು.

"ಬೇಡ ಅಂತ ಒಂದು ಮಾತು ಹೇಳಬಾರ್ದಾ ಮಾವಯ್ಯ!" ಎಂದ ಅಮ್ಮ, ಎಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಮಾಲಿನಿಯ ತುತ್ತು ಕೈಯಲ್ಲೇ ಉಳಿಯಿತು. ಕಚ್ಚಿದ ದಿನವೂ ಮೇಷ್ಟ್ರು ಎತ್ತಿಕೊಂಡಾಗ ಮೆಣಸು ಮುಖ ಆಚೆ ತಿರುಗಿಸಿತ್ತು. ಕಿವಿ ಹಿಂದಕ್ಕೆ ಮಡಚಿತ್ತು. ಅವಳು ನೋಡಿದ್ದಳು. ಎಷ್ಟು ವಿನಯ ಎಂದುಕೊಂಡಿದ್ದಳು.

ಅವಳು ಕೈ ತೊಳೆದು ಅಪ್ಪನ ಬಳಿ ಹೋಗಿ ಎಲ್ಲವನ್ನೂ ಹೇಳಿದಳು.

"ನಾಯಿಗೆ ವ್ರತ ಕೊಟ್ಯಾ?"

"ಹೂಂ."

"ಯಾರನ್ನ ಕೇಳಿ?"

"ಯಾರನ್ನೂ ಕೇಳ್ಲಿಲ್ಲ" ಎಂದ ಮಾಲಿನಿ, ಸ್ವಲ್ಪ ತಡೆದು, "ಮೆಣಸನ್ನೂ ಕೇಳ್ಲಿಲ್ಲ" ಎಂದಳು.

ಅಪ್ಪ ಅಜ್ಜನ ಕಡೆ ನೋಡಿದರು. ಅಜ್ಜ ಗೋಡೆಯ ಕಡೆ ತಿರುಗಿ ಕೂತಿದ್ದರು. ಅವರ ಭುಜ ಕುಲುಕುತ್ತಿತ್ತು.

"ಮೇಷ್ಟ್ರು ಒಪ್ಪಿದ್ರೆ ಇರ್ಲಿ" ಎಂದರು ಅಪ್ಪ.

ಡಾಕ್ಟರು ಹೇಳಿದ ದಿನಗಳು ಕಳೆದವು. ಮೆಣಸಿಗೆ ಹುಚ್ಚಿರಲಿಲ್ಲ. ಸಾಗರದ ಗಾಡಿ ಹೊರಡುವ ಹಿಂದಿನ ಸಂಜೆ ಮೇಷ್ಟ್ರು ಬಂದರು. ಮೂಗಿನ ಮೇಲೆ ಇನ್ನೂ ಪ್ಲಾಸ್ಟರು ಇತ್ತು.

"ಎತ್ಕೋಬೇಡಿ ಮೇಷ್ಟ್ರೇ. ಅಲ್ಲಿಂದಲೇ ಕೈ ಚಾಚಿ."

"ಇನ್ನೆಂತ ಕಚ್ಚಿಸ್ಬೇಕಂತಿದೀಯೇ ಮಾರಾಯ್ತಿ?" ಎನ್ನುತ್ತಾ ಮೇಷ್ಟ್ರು ಒಂದೇ ಒಂದು ಬೆರಳು ಚಾಚಿದರು.

ಮೆಣಸು ಮುಖ ತಿರುಗಿಸಿತು. ಕಿವಿ ಮಡಚಿತು. ಆಮೇಲೆ ಮಾಲಿನಿಯ ಕೈಗಳನ್ನೇ ನೋಡಿತು. ಮಾಲಿನಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ತುಂಬ ಹೊತ್ತು ಸದ್ದೇ ಇಲ್ಲ. ಆಮೇಲೆ, ಪಕ್ಕದ ಮನೆಯಲ್ಲಿ ಬೀಸುಕಲ್ಲು ತಿರುಗಿದ ಹಾಗೆ, ಗುರ್.

"ನೋಡು, ಬಯ್ತಿದೆ!"

"ಇಲ್ಲ ಮೇಷ್ಟ್ರೇ. ಬೇಡ ಅಂತಿದೆ."

ಮೇಷ್ಟ್ರು ಬೆರಳು ಹಿಂದಕ್ಕೆ ತೆಗೆದುಕೊಂಡರು. ಗುರ್ ನಿಂತಿತು. ಮತ್ತೆ ಚಾಚಿದರು. ಗುರ್. ಮತ್ತೆ ತೆಗೆದರು. ಸದ್ದಿಲ್ಲ.

"ಇಷ್ಟೇನಾ?" ಎಂದರು ಮೇಷ್ಟ್ರು, ಪ್ಲಾಸ್ಟರು ಮುಟ್ಟಿಕೊಳ್ಳುತ್ತಾ. ಆಮೇಲೆ ಜಿನಪ್ಪನ ಕಡೆ ತಿರುಗಿ, "ಇರ್ಲಿ ಬಿಡಿ" ಎಂದರು.

ಮರುದಿನ ಗಾಡಿ ಮೆಣಸಿಲ್ಲದೆ ಹೋಯಿತು.

ಮೇಷ್ಟ್ರು ಎತ್ತಿಕೊಳ್ಳುವುದು ಮೆಣಸಿಗೆ ಏಕೆ ಹಿಡಿಸುತ್ತಿರಲಿಲ್ಲ? ಅವರ ನಶ್ಯದ ವಾಸನೆಗೋ, ಹೊಟ್ಟೆ ಅಮುಕಿ ಹಿಡಿಯುತ್ತಿದ್ದುದಕ್ಕೋ, ನನಗೆ ಗೊತ್ತಿಲ್ಲ. ಮಾಲಿನಿಗೂ ಗೊತ್ತಾಗಲಿಲ್ಲ.